ಎಡೆಗೆ ಮುಂಚಿನ ಕೋಡುಬಳೆ

ಸೊರಬದ ಭಾನುವಾರದ ರೈತ ಸಂತೆಯಲ್ಲಿ ನಾಗವೇಣಿಯ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇದೆ. ನಾನು ಶಿಕಾರಿಪುರದಿಂದ ಬೆಳಗಿನ ಬಸ್ಸಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಹೊತ್ತು ಬರುತ್ತೇನೆ. ಅವಳು ಕುಪ್ಪಗಡ್ಡೆಯಿಂದ ಕೋಡುಬಳೆ, ಚಕ್ಕುಲಿ, ಹಲಸಿನ ಹಪ್ಪಳ ತರುತ್ತಾಳೆ. ಸಂತೆ ದೊಡ್ಡದೇನಲ್ಲ. ಬೆಳೆದವರೇ ತಂದು ಮಾರುವ ಸೊಪ್ಪು, ಗೆಣಸು, ಬಾಳೆಗೊನೆ, ಅದರ ಪಕ್ಕದಲ್ಲಿ ಮನೆಯಲ್ಲಿ ಮಾಡಿದ ತಿಂಡಿಗಳ ಒಂದು ಸಾಲು. ಮೇಜುಗಳು ಕಡಿಮೆ, ಕೇಳುವವರು ಹೆಚ್ಚು. ಒಬ್ಬರು ಎದ್ದರೆ ಸಾಕು, ಕೂರಲು ಇನ್ನೊಬ್ಬರು ಬುಟ್ಟಿ ಹಿಡಿದು ನಿಂತಿರುತ್ತಾರೆ.

ನನ್ನ ಹೆಸರು ನೀಲಾಂಬಿಕ. ಬಾಯಿ ಜೋರು ಎನ್ನುತ್ತಾರೆ, ಅನ್ನಲಿ ಬಿಡಿ. ನಾಗವೇಣಿಗಂತೂ ಬಾಯಿಯೇ ಇರಲಿಲ್ಲ. ಮೊದಮೊದಲು ಗಿರಾಕಿ ಬಂದು ನಿಂತರೆ ಸೆರಗು ಹಿಂಡುತ್ತಿದ್ದಳು, ಅವಳ ಪರವಾಗಿ ನಾನೇ ಮಾತಾಡಬೇಕಿತ್ತು. ಊರಲ್ಲಿ ಅವಳು ಆನಂದಪ್ಪನ ಹೆಂಡತಿ, ಶೇಷಮ್ಮನ ಸೊಸೆ. ಸಂತೆಯಲ್ಲಿ ಮಾತ್ರ ಮೇಜಿನ ಮುಂದೆ ಅವಳ ಹೆಸರು ಬರೆದ ಬಟ್ಟೆ ತೂಗುತ್ತದೆ, ಗಿರಾಕಿಗಳು 'ನಾಗವೇಣಮ್ಮಾ' ಎಂದೇ ಕೂಗುತ್ತಾರೆ. ಹಾಗೆ ಕೂಗಿದಾಗಲೆಲ್ಲ ಅವಳ ಮುಖ ನೋಡಬೇಕು ನೀವು. ಬರುಬರುತ್ತಾ ನನ್ನ ಗಿರಾಕಿಗಳನ್ನೂ ಎಳೆದುಕೊಳ್ಳುವಷ್ಟು ಮಾತು ಕಲಿತಳು. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಖುಷಿಯೂ ಆಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಅವಳಿಗೆ ಜೋರು ಜ್ವರ, ನೆಗಡಿ ಬಂತು. ಎರಡು ವಾರ ಮೇಜು ಖಾಲಿ ಇತ್ತು. ತಿರುಗಿ ಬಂದಾಗ ಸೊರಗಿದ್ದಳು, ಉಳಿದಂತೆ ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದೆ. ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ ಹೂವಪ್ಪ ಮೇಷ್ಟ್ರು ಕೋಡುಬಳೆಯ ಪೊಟ್ಟಣವೊಂದನ್ನು ವಾಪಸು ತಂದರು. ಸಂತೆ ಶುರುವಾದಾಗಿನಿಂದ ಅವಳ ಕೋಡುಬಳೆ ತಿನ್ನುತ್ತಿರುವ ಮನುಷ್ಯ ಅವರು. ಯಾರಿಗೂ ಕೇಳಿಸದ ಹಾಗೆ ಬಗ್ಗಿ ಹೇಳಿದರು.

"ನಾಗವೇಣಮ್ಮಾ, ತಪ್ಪು ತಿಳ್ಕೋಬೇಡಿ. ಇದು ಯಾಕೋ ಕಮಟು ವಾಸನೆ ಬಂದೈತೆ."

ಅವಳು ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದಳು. "ಇಲ್ವಲ್ಲ ಸಾರ್, ಚೆನ್ನಾಗೇ ಐತಲ್ಲ."

ನಾನು ಕಸಿದುಕೊಂಡು ಮೂಸಿದೆ. ಹಳೆಯ ಎಣ್ಣೆ ದೀಪದ ಬುಡದ ವಾಸನೆ ಗಪ್ಪನೆ ಹೊಡೆಯಿತು. ಇದನ್ನು ಮೂಗಿಗೆ ಹಿಡಿದುಕೊಂಡು ಚೆನ್ನಾಗಿದೆ ಎನ್ನುತ್ತಾಳಲ್ಲ, ಗಿರಾಕಿಯ ಮುಖಕ್ಕೇ ಸುಳ್ಳು ಹೇಳುವಷ್ಟು ಬೆಳೆದಳೇ ಎಂದು ನನಗೆ ಮೈ ಉರಿದುಹೋಯಿತು. ಅಷ್ಟರಲ್ಲಿ ಸಂತೆಯ ಉಸ್ತುವಾರಿ ನೋಡುವ ಕೊಟ್ರೇಶ್ ಅಲ್ಲಿಗೇ ಬಂದ. ಅವನೂ ಮೂಸಿದ. ಒಳ್ಳೆಯ ಹುಡುಗ, ಗದರಲಿಲ್ಲ.

"ಅಕ್ಕಾ, ತಿನ್ನೋ ಪದಾರ್ಥ ಇದು. ಹೋದ ತಿಂಗಳೂ ಒಬ್ರು ಹೇಳಿದ್ರು, ನಾನೇ ಮುಚ್ಚಾಕಿದೆ. ಇನ್ನೊಂದು ಸಲ ಬಂದ್ರೆ ಮೇಜು ಬೇರೆಯೋರಿಗೆ ಕೊಡಬೇಕಾಗ್ತದೆ, ಬೇಜಾರು ಮಾಡ್ಕೋಬೇಡಿ."

ನಾಗವೇಣಿ ಮಿಕ್ಕ ಕೋಡುಬಳೆಯನ್ನೆಲ್ಲ ಚೀಲಕ್ಕೆ ತುಂಬಿದಳು. ಅವಳು ಮೂಸಿದಾಗ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಚಟ್ನಿಗೆಂದು ಕೊಂಡಿದ್ದ ಇಂಗಿನ ಗಟ್ಟಿ ನನ್ನ ಕೈಚೀಲದಲ್ಲಿತ್ತು. ಜನ ಕರಗಿದ ಮೇಲೆ ಅವಳನ್ನು ಕಣ್ಣು ಮುಚ್ಚಿಸಿ ಅದನ್ನು ಮೂಗಿಗೆ ಹಿಡಿದೆ.

"ಏನ್ ಐತಿ ಹೇಳು."

"ಏನು ಹಿಡಿದೀರಾ ಅಕ್ಕಾ? ಹಿಡಿದೀರೋ ಇಲ್ವೋ?"

ಕಣ್ಣು ತೆರೆದು ಇಂಗು ನೋಡಿದ್ದೇ ತಡ, ಅವಳು ಮೇಜಿನ ಹಿಂದೆ ಕುಕ್ಕರಿಸಿ ಅತ್ತಳು. ಜ್ವರ ಬಿಟ್ಟಾಗಿನಿಂದ ಮೂಗಿಗೆ ಏನೂ ತಿಳಿಯುವುದಿಲ್ಲವಂತೆ. ಡಾಕ್ಟರು, ಬಂದರೆ ಬರಬಹುದು, ಕಾಯಬೇಕು ಎಂದಿದ್ದಾರಂತೆ. ನಾಲಿಗೆಗೂ ಉಪ್ಪು, ಖಾರ ಬಿಟ್ಟರೆ ಬೇರೆ ತಿಳಿಯದು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

"ಮನ್ಯಾಗ ಯಾರರ ತಿಂದು ನೋಡಬಾರದೇನ?"

"ಎಡೆ ಆಗೋ ಮುಂಚೆ ಹೆಂಗೆ ಅಕ್ಕಾ?"

ಅವರ ಮನೆಯ ಪದ್ಧತಿ ಅದು. ಮೊದಲ ಬಾಣಲೆಯಿಂದ ತೆಗೆದಿಟ್ಟ ತಟ್ಟೆ, ಕರಿದದ್ದೆಲ್ಲ ಮುಗಿದ ಮೇಲೆ, ಚಂದ್ರಗುತ್ತಿ ಅಮ್ಮನ ಪಟದ ಮುಂದೆ ಎಡೆಗೆ ಹೋಗಬೇಕು. ಅಲ್ಲಿಯವರೆಗೆ ಒಂದು ಚೂರೂ ಯಾರ ಬಾಯಿಗೂ ಹೋಗಕೂಡದು, ಎಂಜಲಾಗುತ್ತದೆ. ಮಾರುವ ತಿಂಡಿಗೂ ಅತ್ತೆ ಶೇಷಮ್ಮ ಇದನ್ನೇ ನಡೆಸಿದ್ದರು. ನಾಗವೇಣಿ ಮದುವೆಯಾಗಿ ಬಂದಾಗಿನಿಂದ ರುಚಿ ನೋಡದೆ, ಬರೀ ಮೂಗಿನ ನೆಚ್ಚಿಕೆಯಲ್ಲಿ ಅಡುಗೆ ಮಾಡಿದವಳು. ಎಡೆಯಾದ ಮೇಲಾದರೂ ತಿಂದು ಹೇಳುವವರು ಯಾರು? ಆನಂದಪ್ಪನ ಬಾಯಿಯಲ್ಲಿ ಸದಾ ಎಲೆಯಡಿಕೆ, ತಂಬಾಕು, ಮಣ್ಣು ಕೊಟ್ಟರೂ ಚೆನ್ನಾಗಿದೆ ಎನ್ನುತ್ತಾನೆ. ಶೇಷಮ್ಮನಿಗೆ ಹಲ್ಲಿಲ್ಲ, ಕರಿದದ್ದು ಬಿಟ್ಟು ವರ್ಷಗಳಾದವು.

"ಅತ್ತೆಗೆ ಹೇಳು ಅತ್ಲಾಗ."

"ಹೇಳಿದ್ರೆ ಸಂತೆ ಬಿಡು ಅಂತಾರೆ. ಮೊದಲೇ ಇಷ್ಟ ಇಲ್ಲ ಅವರಿಗೆ." ತನ್ನ ಹೆಸರಿನ ಬಟ್ಟೆಯನ್ನು ಮಡಚುತ್ತಾ, "ಈ ಮೇಜು ಹೋದ್ರೆ ನಾನು ಮತ್ತೆ ಆ ಒಲೆ ಮುಂದೆ ಕೂತಿರ್ತೀನಿ, ಯಾರಿಗೂ ಗೊತ್ತಾಗಲ್ಲ" ಎಂದಳು.

ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು. ಶನಿವಾರ ನಾನೇ ಬಂದು ಎಲ್ಲವನ್ನೂ ಮೂಸಿ ನೋಡುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಆ ವಾರವೆಲ್ಲ ನನಗೇ ಸಂಕಟ. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಹಿಟ್ಟನ್ನು ಮೂಸಿ ನೋಡುತ್ತಿದ್ದೆ, ನನ್ನ ಮೂಗೂ ಹೋಗಿಬಿಟ್ಟರೆ ಎಂಬ ಹೆದರಿಕೆ ಹತ್ತಿಕೊಂಡಿತ್ತು.

ಶನಿವಾರ ಬಸ್ಸು ತಡವಾಯಿತು. ನಾನು ಕುಪ್ಪಗಡ್ಡೆ ತಲುಪುವಷ್ಟರಲ್ಲಿ ನಾಗವೇಣಿ ಹಿಟ್ಟು ಕಲಸಿಟ್ಟಿದ್ದಳು. ಶೇಷಮ್ಮ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. "ಬಾರವ್ವಾ, ಶಿಕಾರಿಪುರದಿಂದ ಇಷ್ಟು ದೂರ ಬಂದ್ಯಾ?" ಎಂದರು. ಕೋಡುಬಳೆ ಸುತ್ತುವುದನ್ನು ಕಲಿಯಲು ಬಂದೆ ಎಂದೆ. ನಂಬಿದರೋ ಇಲ್ಲವೋ, ಬತ್ತಿಯ ಮೇಲಿನ ಕಣ್ಣು ಎತ್ತಲಿಲ್ಲ.

ಒಳಗೆ ಹೋಗಿ ಎಣ್ಣೆಯ ಡಬ್ಬ ಮೂಸಿದೆ, ಸರಿ ಇತ್ತು. ಹಿಟ್ಟಿಗೆ ಹಾಕಿ ಉಳಿದ ಕೊಬ್ಬರಿ ಬಟ್ಟಲುಗಳನ್ನು ಮೂಸಿದೆ, ಅಕ್ಕಿಹಿಟ್ಟು, ಹುರಿಗಡಲೆ, ಎಲ್ಲವೂ ಸರಿ ಇದ್ದವು. ಕಲಸಿದ ಹಿಟ್ಟಿನಿಂದ ಬರೀ ಖಾರ ಮತ್ತು ಓಂಕಾಳಿನ ಘಾಟು ಬಂತು. ನಾನು ತಲೆಯಾಡಿಸಿದ ಮೇಲೆ ಅವಳು ಸುತ್ತಿ ಬಾಣಲೆಗೆ ಬಿಟ್ಟಳು. ಕೆಂಪಗೆ ಚೆಂದವಾಗಿ ಬೆಂದವು. ಆದರೆ ಮೆಣಸಿನ ಹೊಗೆಗೆ ನನ್ನ ಮೂಗೂ ಕಣ್ಣೂ ಸೋರಿ, ಬೆಂದದ್ದರ ವಾಸನೆ ಒಂದೂ ಹಿಡಿಯಲಿಲ್ಲ. ಅವಳು ಜಾಲರಿ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು. ತಿನ್ನದೆ ತಿಳಿಯುವುದಿಲ್ಲ ಎಂದು ಒಂದನ್ನು ಎತ್ತಿ ಬಾಯಿಯ ಹತ್ತಿರ ತಂದೆ.

"ಎಡೆ ಆಗಿಲ್ಲ."

ಶೇಷಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಕೋಡುಬಳೆ ಹಿಡಿದ ಕೈಯನ್ನು ಕೆಳಗಿಳಿಸಿದೆ.

"ಬಂದಾಗಿಂದ ಡಬ್ಬ ಡಬ್ಬ ಮೂಸ್ತೀಯ. ಏನು ಹುಡುಕ್ತಿದ್ದೀಯವ್ವಾ ನಮ್ಮ ಮನೇಲಿ?"

ಏನಾದರೊಂದು ಸುಳ್ಳು ಪೋಣಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ನಾಗವೇಣಿ ಒಲೆ ಆರಿಸಿದಳು.

"ಅತ್ತೆ, ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಇಲ್ಲ. ಹೋದ ವಾರ ಕಮಟು ಕೋಡುಬಳೆ ಮಾರಿದೀನಿ. ನಾಳೆನೂ ಹಂಗೇ ಆದ್ರೆ ಮೇಜು ತಗೀತಾರೆ."

ಶೇಷಮ್ಮ ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೇನು ಸಂತೆ ಬಿಡು ಎನ್ನುತ್ತಾರೆ ಎಂದುಕೊಂಡೆ. ಅವರು ಒಳಗೆ ಬಂದು ನನ್ನ ಕೈಯಿಂದ ಕೋಡುಬಳೆ ಇಸಿದುಕೊಂಡು, ಚೂರು ಮುರಿದು, ಬಾಯಿಗೆ ಹಾಕಿಕೊಂಡರು. ನಾಗವೇಣಿ "ಅತ್ತೆ" ಎಂದದ್ದು ಅಲ್ಲೇ ನಿಂತಿತು. ಹಲ್ಲಿಲ್ಲದ ಬಾಯಿ, ವಸಡಿನಲ್ಲೇ ನಿಧಾನಕ್ಕೆ ಅರೆದರು. ಆಮೇಲೆ ಬಚ್ಚಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದರು.

"ಬೆಣ್ಣೆ ಎಲ್ಲಿದು?"

ನಾಗವೇಣಿ ಮೂಲೆಯ ಗಡಿಗೆಯತ್ತ ನೋಡಿದಳು.

"ನನ್ನ ಗಡಿಗೇದು ಅಲ್ವಾ?"

ಕೋಡುಬಳೆಯ ಹಿಟ್ಟಿಗೆ ಬೆಣ್ಣೆ ಕಾಯಿಸಿ ಹಾಕುತ್ತಾರೆ. ಆ ಮನೆಯಲ್ಲಿ ಮಜ್ಜಿಗೆ ಕಡೆಯುವುದು, ಬೆಣ್ಣೆ ಕೂಡಿಡುವುದು ಶೇಷಮ್ಮನ ಕೆಲಸ. ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆಯ ಸತ್ವ ಹೋಗುತ್ತದೆಂದು ನೀರಿನ ಗಡಿಗೆಯಲ್ಲೇ ಇಟ್ಟು, ಉಂಡೆ ದೊಡ್ಡದಾದ ಮೇಲೆ ಸೊಸೆಗೆ ಕೊಡುತ್ತಿದ್ದರು. ಈ ವಾರವೂ ಕೊಟ್ಟಿದ್ದರು. ನಾನು ಬರುವ ಮೊದಲೇ ಅದು ಹಿಟ್ಟಿನೊಳಗೆ ಸೇರಿಹೋಗಿತ್ತು.

"ಇಷ್ಟು ವರ್ಷ ಕೆಟ್ಟಿರಲಿಲ್ವಾ ನನ್ನ ಬೆಣ್ಣೆ?"

"ಕೆಡ್ತಿತ್ತು ಅತ್ತೆ. ವಾಸನೆ ಬಂದ್ರೆ ಕಾಸಿ ದೀಪಕ್ಕೆ ಹಾಕ್ತಿದ್ದೆ. ಹಿಟ್ಟಿಗೆ ಬೇರೆ ತರಿಸ್ತಿದ್ದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಅಷ್ಟು ಆಸೆಯಿಂದ ಕೂಡಿಡ್ತೀರಿ."

ಶೇಷಮ್ಮ ಗೋಡೆ ಹಿಡಿದು ಮಣೆಯ ಮೇಲೆ ಕೂತರು. ಅವರು ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಕೊನೆಗೆ, "ಆ ಹಿಟ್ಟು ತಗೊಂಡೋಗಿ ತಿಪ್ಪೆಗೆ ಹಾಕು. ಬೇರೆ ಕಲಸು" ಎಂದಷ್ಟೇ ಹೇಳಿದರು. ಬೆಣ್ಣೆಯ ಬದಲು ಬಿಸಿ ಎಣ್ಣೆ ಹಾಕಿ ಕಲಸಿದೆವು. ನಾನು ಸುತ್ತಿದವು ಸೊಟ್ಟಸೊಟ್ಟಗಿದ್ದವು, ಯಾರೂ ನಗಲಿಲ್ಲ. ಶೇಷಮ್ಮ ಒಲೆಯ ಪಕ್ಕದಿಂದ ಏಳಲಿಲ್ಲ.

ಮೊದಲ ಬಾಣಲೆ ಇಳಿಯಿತು. ನಾಗವೇಣಿ ರೂಢಿಯಂತೆ ಎಡೆಯ ತಟ್ಟೆಗೆ ಕೈ ಹಾಕಿದಳು. ಶೇಷಮ್ಮ ತಮ್ಮ ಕೈ ಚಾಚಿದರು. ಅವಳು ಒಂದು ಗಳಿಗೆ ತಟ್ಟೆಯನ್ನೂ ಆ ಕೈಯನ್ನೂ ನೋಡಿ, ಕೋಡುಬಳೆಯನ್ನು ಕೈಗೇ ಇಟ್ಟಳು. ಮುದುಕಿ ಮುರಿದು ಬಾಯಿಗೆ ಹಾಕಿಕೊಂಡು ಅರೆಯತೊಡಗಿದರು. ಎಷ್ಟು ಹೊತ್ತು ಅರೆದರು ಅಂತೀರಿ! ನಾಗವೇಣಿಯ ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ. ನಾವಿಬ್ಬರೂ ಆ ದವಡೆಯನ್ನೇ ನೋಡುತ್ತಾ ನಿಂತಿದ್ದೆವು.

ಶೇಷಮ್ಮ ನುಂಗಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ಮತ್ತೆ ಕೈ ಚಾಚಿ, "ನಾಗವೇಣಮ್ಮಾ, ಇನ್ನೊಂದು ಕೊಡು" ಎಂದರು.