ಹೊಸ ನೀರಿಗೆ ಮೀನು ಸಾಯುವುದಿಲ್ಲ

ನನ್ನ ಅಂಗೈಯಲ್ಲಿದ್ದ ಮೀನು ಬಾಯಿ ತೆರೆದು ತನ್ನ ಮರಿಗಳನ್ನು ಉಗುಳಿತು. ಒಂದೆರಡಲ್ಲ, ಒಂದು ಹಿಡಿ. ನುಚ್ಚಕ್ಕಿಯಷ್ಟು ಸಣ್ಣವು, ಎಲ್ಲಕ್ಕೂ ಕಪ್ಪು ಕಣ್ಣು. ನಾನು ಕೂಗಿಕೊಂಡು ಮೀನನ್ನು ತೊಟ್ಟಿಗೆ ಬಿಟ್ಟುಬಿಟ್ಟೆ. ಅದು ನೀರಿನಲ್ಲಿ ಸುಧಾರಿಸಿಕೊಂಡು ತಿರುಗಿ ಬಾಯಿ ತೆರೆಯಿತು. ಮರಿಗಳು ಗುಂಪುಗುಂಪಾಗಿ ಮತ್ತೆ ಒಳಗೆ ಹೋದವು. ಪಕ್ಕದಲ್ಲಿದ್ದ ಅಟಿಯೆನೊ ನಗುತ್ತ, "ತಿನ್ನುತ್ತಿಲ್ಲ, ಕಾಯುತ್ತಿದ್ದಾಳೆ" ಎಂದಳು.

ಇದು ನಡೆದದ್ದು ಕೀನ್ಯಾ ದೇಶದ ಕಿಸುಮು ಎಂಬ ಊರಿನಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯ ಒಂದು ಪುಟ್ಟ ಪ್ರಯೋಗಾಲಯದಲ್ಲಿ. ಮೀನು ಸಾಕುವವರಿಗೆ ನೀರು ಪರೀಕ್ಷಿಸಿ ಕೊಡುವುದು ಅಲ್ಲಿನ ಕೆಲಸ. ಅಟಿಯೆನೊ ಅಲ್ಲಿಯ ಮೀನು ವಿಜ್ಞಾನಿ, ನಾನು ಅವಳ ಹೊಸ ಸಹಾಯಕಿ. ಆ ಮೀನು ಟಿಲಾಪಿಯಾ; ಸರೋವರದ ಲುವೊ ಜನ ಅದನ್ನು ಎನ್‌ಗೆಗೆ ಎನ್ನುತ್ತಾರೆ. ತಾಯಿ ತತ್ತಿಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನವೂ ಹೆಚ್ಚುಕಡಿಮೆ ಉಪವಾಸ. ನಾನು ಗೋಕಾಕದಲ್ಲಿ ಬಿ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರವೇ ನನ್ನ ವಿಷಯ. ಆದರೆ ನಾನು ಕಂಡ ಮೀನುಗಳೆಲ್ಲ ಗಾಜಿನ ಬರಣಿಯಲ್ಲಿ ಬಿಳಿಚಿಕೊಂಡು ಕೂತವು. ಕೊಣ್ಣೂರಿನ ನಮ್ಮ ಒಕ್ಕಲುತನದ ಮನೆಯಲ್ಲಿ ಮೀನು ತಿನ್ನುವುದಿರಲಿ, ಅದರ ಮಾತನ್ನೂ ಯಾರೂ ಆಡುತ್ತಿರಲಿಲ್ಲ.

ನಾನು ಇಲ್ಲಿಗೆ ಬಂದದ್ದು ಗಂಡನ ಹಿಂದೆ. ಅವರು, ಮಹಾಂತೇಶ, ಹುಕ್ಕೇರಿ ಕಡೆಯವರು, ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್. ಅಂದರೆ ಕಬ್ಬಿನ ಪಾಕ ಕುದಿಸಿ ಹರಳು ಕಟ್ಟಿಸುವವರು. ಕಿಸುಮುವಿನ ಆಚೆಗಿನ ಬಯಲಿನ ತುಂಬ ಕಬ್ಬು, ನಡುನಡುವೆ ಕಾರ್ಖಾನೆ. ಕೈ ಪಳಗಿದವರು ಬೇಕೆಂದು ನಮ್ಮ ಕಡೆಯಿಂದ ಕರೆಸಿಕೊಳ್ಳುತ್ತಾರೆ. ವಿಮಾನ ಇಳಿದು ಕಾರಿನಲ್ಲಿ ಹೋಗುವಾಗ ಟ್ರ್ಯಾಕ್ಟರ್ ತುಂಬ ಕಬ್ಬು, ರಸ್ತೆಗೆ ಬಿದ್ದ ಒಣಗರಿಯ ರವದಿ, ಕಾಕಂಬಿಯ ವಾಸನೆ ಎಲ್ಲ ಎದುರಾದವು. ಇಷ್ಟು ದೂರ ಬಂದು ಮೂಡಲಗಿ ರಸ್ತೆಯಲ್ಲೇ ಇದ್ದೇನಲ್ಲ ಎಂದು ಅಳು ಬಂತು. ಇವರು ಮಾತ್ರ ಖುಷಿಯಾಗಿ, "ನೋಡು, ನಮ್ಮೂರಂಗ ಐತಿ" ಎಂದರು.

ನಮ್ಮೂರಿನ ಹಾಗೆ ಇರಲಿಲ್ಲ. ಕಾರ್ಖಾನೆ ಕೊಟ್ಟ ಮನೆಗೆ ತಂತಿ ಬೇಲಿ, ಗೇಟಿಗೆ ಕಾವಲು. ಬಾಜೂಮನೆಯವರು ತಮಿಳರು, ಎದುರಿನವರು ಬಿಹಾರದವರು; ಬಾಗಿಲಲ್ಲಿ ನಿಂತು ಒಬ್ಬರಿಗೊಬ್ಬರು ನಗುತ್ತಿದ್ದೆವು, ಅಷ್ಟೆ. ಕನ್ನಡ ಆಡಲು ಇವರೊಬ್ಬರೇ, ಇವರೋ ಪಾಳಿ ಮುಗಿಸಿ ಬಂದರೆ ಮಲಗುವವರು. ಮಧ್ಯಾಹ್ನಗಳಲ್ಲಿ ನಾನು ಕೊಣ್ಣೂರಿನ ಕಾಕಾನಿಗೆ ಫೋನು ಹಚ್ಚಿ, ಅವರ ಮನೆಯ ಎಮ್ಮೆ ಒದರುವುದು ಕೇಳಿಸಿದರೂ ಸಾಕು ಎಂದು ಕಿವಿಗಿಟ್ಟುಕೊಂಡು ಕೂರುತ್ತಿದ್ದೆ. ಸಂತೆಗೆ ಹೋದರೆ "ಮುಹಿಂದಿ" ಎನ್ನುತ್ತಿದ್ದರು. ಭಾರತದವಳು ಎಂದು ಅರ್ಥ, ಬೈಗುಳವಲ್ಲ. ಆದರೂ ಹೆಸರಿದ್ದವಳಿಗೆ ಅದು ಚುಚ್ಚುತ್ತದೆ.

ನನ್ನ ಮೊದಲ ಗೆಲುವು ಸಿಕ್ಕಿದ್ದು ಅದೇ ಸಂತೆಯಲ್ಲಿ. ಒಬ್ಬ ಹೆಂಗಸಿನ ಮುಂದಿದ್ದ ಮೂಟೆಯಲ್ಲಿ ಜೋಳ ಕಂಡೆ. ಅವರು ಅದಕ್ಕೆ ಬೆಲ್ ಎನ್ನುತ್ತಾರೆ. ಹಿಟ್ಟು ಮಾಡಿ ನಮ್ಮ ಮುದ್ದೆಯಂಥ ಕುವೋನ್ ತಿರುವುತ್ತಾರೆ. ನಾನು ಬೀಸಿಸಿಕೊಂಡು ಬಂದು ರೊಟ್ಟಿ ಬಡಿದೆ. ಹಿಟ್ಟಿಗೆ ಜಿಗಿ ಸಾಲದೆ ಅಂಚು ಒಡೆಯಿತು, ಆದರೂ ಉಬ್ಬಿತು. ನನ್ನ ಬಿ.ಎಸ್ಸಿ. ನೋಡಿ ಪ್ರಯೋಗಾಲಯದವರು ಕೆಲಸಕ್ಕೆ ತೆಗೆದುಕೊಂಡ ಮೇಲೆ, ಅಟಿಯೆನೊ ನನ್ನ ಡಬ್ಬಿಯಿಂದ ಒಂದು ತುಂಡು ಕಿತ್ತು ತಿಂದು, ಇದನ್ನು ಮೀನಿನ ಸಾರಿಗೆ ಅದ್ದಿದರೆ ಹೇಗಿರುತ್ತದೆ ಎಂದು ಕೇಳಿದಳು. ಅಂದಿನಿಂದ ನಾವು ಡಬ್ಬಿಗಳನ್ನು ಅರ್ಧರ್ಧ ಹಂಚಿಕೊಳ್ಳತೊಡಗಿದೆವು, ಮೀನೊಂದನ್ನು ಬಿಟ್ಟು.

ಮಾರ್ಚ್‌ನಲ್ಲಿ ಇಲ್ಲಿ ದೊಡ್ಡ ಮಳೆ ಶುರುವಾಗುತ್ತದೆ. ಆ ವರ್ಷದ ಮೊದಲ ಪ್ರವಾಹ ಬಂದ ಮರುದಿನ, ಸರೋವರಕ್ಕೆ ಇಳಿಯುವ ಒಂದು ನದಿಯ ದಂಡೆಗೆ ಅಟಿಯೆನೊ ನನ್ನನ್ನು ಕರೆದುಕೊಂಡು ಹೋದಳು. ನೀರು ಕೆಂಪಗೆ ಉಕ್ಕುತ್ತಿತ್ತು. ಅಂಚಿನ ಆಪುಹುಲ್ಲಿನಲ್ಲಿ ಸಿಕ್ಕಿಕೊಂಡು ಮೊಣಕೈ ಉದ್ದದ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಊರಿನ ಮೀನುಗಾರರು ಬಲೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಸುಮ್ಮನೆ ನಿಂತಿದ್ದರು. ಅಟಿಯೆನೊಳ ಮುಖ ಕಪ್ಪಿಟ್ಟಿತು. ಸಮಾಧಾನ ಹೇಳೋಣವೆಂದು ನಾನೇ ಬಾಯಿ ಬಿಟ್ಟೆ.

"ಇದು ಸಹಜ ಅಲ್ಲವೇ? ಹೊಸ ನೀರು ಬಂದರೆ ಮೀನು ಸಾಯುತ್ತವೆ. ನಮ್ಮ ಊರಲ್ಲೂ ಪ್ರತಿ ವರ್ಷ ಸಾಯುತ್ತವೆ."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಮೀನು ಎತ್ತಿ, ಕಲ್ಲಿನ ಮೇಲಿಟ್ಟು ಹೊಟ್ಟೆ ಸೀಳಿದಳು. ಒಳಗೆ ಬೇರೇನೂ ಕಾಣದಷ್ಟು ತತ್ತಿ.

"ಇದು ನಿಂಗು. ನಿಮ್ಮ ದೇಶದ ರೋಹು ಮೀನಿನ ದಾಯಾದಿ" ಎಂದಳು. "ವರ್ಷವಿಡೀ ಸರೋವರದಲ್ಲಿದ್ದು, ಮೊದಲ ಪ್ರವಾಹದ ವಾಸನೆ ಹಿಡಿದು ನದಿ ಹತ್ತುತ್ತದೆ. ತತ್ತಿ ಇಡಲು ಇದಕ್ಕೆ ಬೇಕಾದದ್ದೇ ಹೊಸ ನೀರು. ಹೆರಲು ಬಂದದ್ದು ಅದೇ ನೀರಿಗೆ ಸಾಯುತ್ತದೆ ಎಂದು ನಿನಗೆ ಯಾರು ಹೇಳಿದರು?"

ಯಾರು ಹೇಳಿದರು? ಎಲ್ಲರೂ. ಜೂನಿನಲ್ಲಿ ಘಟಪ್ರಭೆಗೆ ಕೆಂಪು ನೀರು ಬಂದರೆ ನಮ್ಮ ಓಣಿಯ ಹೆಂಗಸರು ಹೊಳೆಗೆ ಹೋಗಿ ಅರಿಷಿಣ ಕುಂಕುಮ ಏರಿಸಿ, ಗಂಗವ್ವನಿಗೆ ಉಡಿ ತುಂಬಿ ಬರುತ್ತಿದ್ದರು. ಒಂದು ಕೈಯಲ್ಲಿ ಕುಪ್ಪಸದ ಕಣ, ಇನ್ನೊಂದು ಕೈಯಲ್ಲಿ ಮೂಗಿಗೆ ಹಿಡಿದ ಸೆರಗು. ದಂಡೆಯಲ್ಲಿ ಸತ್ತ ಮೀನು. "ಹೊಸ ನೀರಿಗೆ ಸಾಯತಾವ" ಎಂದು ಅವ್ವ ಹೇಳಿದಳು, ನಾನು ನಂಬಿದೆ. ಹೊಳೆಗೆ ಉಡಿ ತುಂಬುವ ನಾವು, ಉಡಿ ತುಂಬಿಕೊಂಡು ಬಂದ ಜೀವ ಕಾಲಬುಡದಲ್ಲಿ ಕೊಳೆಯುವುದನ್ನು ದಾಟಿಕೊಂಡು ಮನೆಗೆ ಬಂದು ಹೋಳಿಗೆ ತಿನ್ನುತ್ತಿದ್ದೆವು. ನೆನೆಸಿಕೊಂಡರೆ ನನ್ನ ಮೈ ಉರಿಯುತ್ತದೆ.

ಆ ದಿನವೇ ನಾವು ನೀರು ಹಿಡಿದೆವು. ಪರೀಕ್ಷೆ ಹಳೆಯ ಕಾಲದ್ದು, ಕಣ್ಣಿಗೆ ಕಾಣುವಂಥದ್ದು. ಬಾಟಲಿಯಲ್ಲಿ ನೀರು ತುಂಬಿ ಎರಡು ರಾಸಾಯನಿಕ ಹನಿಸಬೇಕು. ನೀರಿನಲ್ಲಿ ಆಮ್ಲಜನಕ ಕರಗಿದ್ದರೆ ಚಹಾ ಬಣ್ಣದ ಗಸಿ ಏಳುತ್ತದೆ, ಇಲ್ಲದಿದ್ದರೆ ಸುಣ್ಣದ ಬಿಳಿ. ನದಿಯ ಮೇಲ್ಭಾಗದ ನೀರು ಚಹಾ ಬಣ್ಣಕ್ಕೆ ತಿರುಗಿತು, ಅದೂ ಪ್ರವಾಹದ ಕೆಂಪು ನೀರೇ. ಒಂದು ಮೋರಿ ಬಂದು ಸೇರುವ ಜಾಗದಿಂದ ಕೆಳಗಿನ ನೀರು ಬೆಳ್ಳಗೆ ಉಳಿಯಿತು. ಮೋರಿಯ ಗುಂಟ ನಾವು ಮೇಲಕ್ಕೆ ನಡೆದೆವು. ಅದು ಹೋಗಿ ಮುಟ್ಟಿದ್ದು ನನ್ನ ಗಂಡ ಕೆಲಸ ಮಾಡುವ ಕಾರ್ಖಾನೆಯ ಹಿಂಗೋಡೆಗೆ. ಕಾಕಂಬಿಯಿಂದ ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕಪ್ಪು ನೀರನ್ನು, ಹೊಳೆ ಸೇರಿದರೆ ಅಲ್ಲಿನ ಆಮ್ಲಜನಕವನ್ನೆಲ್ಲ ಹೀರುವ ನೀರನ್ನು, ತುಂಬಿಡುವ ಹೊಂಡ ಅಲ್ಲಿತ್ತು. ಅದು ಮೊನ್ನೆಯವರೆಗೂ ಅಂಚು ಮುಟ್ಟಿದ್ದನ್ನು ನಾನೇ ನೋಡಿದ್ದೆ. ಈಗ ಅರ್ಧ ಖಾಲಿ.

ಸಂಜೆ ಇವರು ಬಂದು ಕೈಕಾಲು ತೊಳೆಯುವುದನ್ನೂ ಕಾಯದೆ ಕೇಳಿದೆ.

"ಹೊಂಡದ ಗೇಟ್ ತೆಗೆದಿದ್ರೇನ್ರಿ?"

"ತೆಗಿತಾರ. ಮಳಿ ಜೋರ್ ಬಂದ್ರ ತೆಗಿತಾರ. ಪ್ರವಾಹದಾಗ ಯಾರಿಗೂ ಕಾಣಂಗಿಲ್ಲ" ಎಂದರು, ಹವಾಮಾನ ಹೇಳಿದಷ್ಟು ಸಹಜವಾಗಿ. "ನಮ್ಮ ಕಡೆನೂ ಹಂಗ ಮಾಡತಾರಲ್ಲ."

"ನಮ್ಮ ಕಡೆನೂ? ನಿಮಗ ಗೊತ್ತಿತ್ತು?"

"ಕಾರ್ಖಾನ್ಯಾಗ ದುಡಿಯೋ ಯಾರಿಗೆ ಗೊತ್ತಿಲ್ಲ?"

"ಮತ್ತ ಒಬ್ಬರರೆ ಯಾಕ ಹೇಳಲಿಲ್ಲ?"

"ಕೇಳಿದವರು ಯಾರು? ನಿಮ್ಮನ್ಯಾಗ ಮೀನ ತಿಂತಿದ್ರೇನು?"

ಸಿಟ್ಟು ಇಮ್ಮಡಿಯಾಯಿತು. ನಾವು ತಿನ್ನದ ಜೀವದ ಸಾವು ನಮಗೆ ಸಂಬಂಧವಿಲ್ಲ ಎಂದು ಬಿಟ್ಟಿದ್ದೆವು. ಅದೇ ಹೊಳೆಯ ನೀರನ್ನು ಎಮ್ಮೆಗೆ ಕುಡಿಸಿ, ಬದನೆಗೆ ಬಿಟ್ಟು, ಬಾವಿಗೆ ಜಿನುಗಿದ್ದನ್ನು ನಾವೇ ಕುಡಿದಿದ್ದೆವು.

ಮರುದಿನ ಕಾಕಾನಿಗೆ ಫೋನು ಮಾಡಿದೆ. ಗೋಕಾಕ ಫಾಲ್ಸ್‌ನ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು ಅವರು. ಈಗ ಎರಡೆಕರೆ ಕಬ್ಬು ನೋಡಿಕೊಂಡಿದ್ದಾರೆ. "ಕಾಕಾ, ಹೊಸ ನೀರಿಗೆ ಮೀನ ಸಾಯೋದು ಮೊದಲಿಂದ ಐತೇನ್ರಿ?" ಎಂದು ಕೇಳಿದೆ.

"ಇಲ್ಲವಾ" ಎಂದರು. "ನಾ ಹರೇದಾಗ ಹೊಸ ನೀರ ಬಂದ್ರ ಫಾಲ್ಸ್ ಬುಡಕ ಮೀನ ಕೂಡತಿದ್ವು. ಮ್ಯಾಲೆ ಹತ್ತಾಕ ಬಂಡೆಗಲ್ಲಿಗಿ ಹಾರಿ ಹಾರಿ ಬೀಳತಿದ್ವು. ಪಾಳಿ ಬಿಟ್ಟ ಕೂಡಲೆ ನಾವೆಲ್ಲ ನೋಡಾಕ ನಿಂದರತಿದ್ವಿ. ಸಾಯೋದು ಆಮ್ಯಾಲೆ ಶುರುವಾತು. ಆದ್ರ ಮಂದಿ ಹಂಗ ಅಂದ್ರು, ನಾವೂ ಹಂಗ ಅಂದ್ವಿ."

ಒಂದು ತಲೆಮಾರು ಸಾಕಾಯಿತು, ಕೊಲೆಯನ್ನು ಋತುಮಾನ ಎಂದು ಕರೆಯಲು.

ಸರ್ಕಾರಕ್ಕೆ ಕಳಿಸುವ ಪರೀಕ್ಷೆಯ ಫಲಿತಾಂಶಕ್ಕೆ ಅಟಿಯೆನೊ ಸಹಿ ಹಾಕಿದಳು. ನಿನ್ನದು ಬೇಡ, ನಿನ್ನ ಗಂಡನ ಅನ್ನ ಅಲ್ಲಿದೆ ಎಂದಳು. ಇವರನ್ನು ಕೇಳಿದೆ. ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಹಾಕತಿದ್ರ ಹಾಕು. ಆದ್ರ ಇವತ್ತ ಗಂಟುಮೂಟಿ ಕಟ್ಟಾಕ ಶುರು ಮಾಡು" ಎಂದರು. ಬೇಡ ಎನ್ನಲಿಲ್ಲ. ನಾನು ಹಾಕಿದೆ. ಕಾರ್ಖಾನೆಯ ದೊಡ್ಡ ಸಾಹೇಬರು ನಮ್ಮ ದೇಶದವರೇ. ಇವರನ್ನು ಕರೆಸಿ, ನಾವು ಇಲ್ಲಿಗೆ ಬಂದವರು, ಬಂದವರ ಹಾಗೆ ಇರುವುದನ್ನು ನಿನ್ನ ಹೆಂಡತಿ ಕಲಿಯಲಿಲ್ಲ ಎಂದರಂತೆ. ಕರಾರು ಅಲ್ಲಿಗೆ ಮುಗಿಯಿತು, ಮನೆಯೂ ಹೋಯಿತು. ಕಾರ್ಖಾನೆಗೆ ಆದದ್ದೇನು? ಅಧಿಕಾರಿಗಳು ಬಂದು ಹೋದರು. ಮೋರಿಯ ಬಾಯಿಯನ್ನು ಪೈಪು ಹಾಕಿ ಇನ್ನಷ್ಟು ಕೆಳಗೆ, ಜನ ಓಡಾಡದ ಕಡೆ ಒಯ್ದರು. ಮೀನುಗಾರರು ಈಗ ಮಳೆ ಬಂದ ಕೂಡಲೇ ಅಲ್ಲಿಗೂ ಹೋಗಿ ನೀರು ಹಿಡಿದು ನಮಗೆ ತಂದು ಕೊಡುತ್ತಾರೆ. ಗೆದ್ದೆವು ಎನ್ನಲಾರೆ, ಬಿಟ್ಟಿಲ್ಲ.

ಈಗ ಕಿಸುಮುವಿನ ಏರುರಸ್ತೆಯೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಇವರು ಗುಜರಾತಿಗಳ ಬೆಲ್ಲದ ಗಾಣದಲ್ಲಿದ್ದಾರೆ. ಪಗಾರ ಕಡಿಮೆ, ಆದರೆ ಸಂಜೆ ಮನೆಗೆ ಬಂದು ಮಾತಾಡುತ್ತಾರೆ. ಸಂತೆಯಲ್ಲಿ ನಿಂಗು ಮಾರುವ ಹೆಂಗಸರು ನನ್ನನ್ನು ಸುನಂದಾ ಎಂದೇ ಕೂಗುತ್ತಾರೆ, ನಾನು ಕೊಳ್ಳುವವಳಲ್ಲ ಎಂದು ಗೊತ್ತಿದ್ದೂ.

ಹೋದ ಜೂನಿನಲ್ಲಿ ಊರಿಗೆ ಹೋಗಿದ್ದೆ. ನಾನಿದ್ದಾಗಲೇ ಹೊಸ ನೀರು ಬಂತು. ಹೊಳೆ ದಂಡೆಗೆ ಕಾಲಿಡುವ ಮೊದಲೇ ಮೂಗಿಗೆ ಗೊತ್ತಾಯಿತು. ಕಾಲೇಜಿನಲ್ಲಿ ಕಲಿಸುವ ಗೆಳತಿಯೊಬ್ಬಳಿಂದ ಬಾಟಲಿ, ರಾಸಾಯನಿಕ ತಂದಿದ್ದೆ. ಕಾಕಾ ಜೊತೆಗೆ ಬಂದಿದ್ದರು. ನೀರು ತುಂಬಿ ಹನಿಸಿದೆ. ಬೆಳ್ಳಗೆ ಉಳಿಯಿತು. ಎಲ್ಲಿಂದ ಬಂದದ್ದು ಎಂದು ಆಗಲೇ ಹೇಳುವಂತಿರಲಿಲ್ಲ, ಮೇಲಿನ ಯಾವ ಮೋರಿಯ ಗುಂಟವೂ ಇನ್ನೂ ನಡೆದು ನೋಡಿರಲಿಲ್ಲ. ನಾಳೆ ನಡೆಯುತ್ತೇನೆ, ಫಲಿತಾಂಶ ಬರೆದು ಕೊಡುತ್ತೇನೆ ಎಂದೆ.

"ಬ್ಯಾಡವಾ" ಎಂದರು ಕಾಕಾ.

"ಯಾಕ್ರಿ? ಮೀನ ಹಾರೂದು ನೀವ ನೋಡೀರಿ. ನೀವ ಹೇಳಿದ್ರಿ."

"ಖರೆ ಐತಿ. ಆದ್ರ ಕಬ್ಬ ನಿಂತೈತಿ. ನಮ್ಮ ಹೆಸರ ಬಂತಂದ್ರ ಯಾವ ಕಾರ್ಖಾನಿನೂ ಕಡಿಯೋ ಪಾಳಿ ಕೊಡಂಗಿಲ್ಲ. ಒಣಗಿ ಕಟ್ಟಿಗಿ ಆಕೈತಿ. ನೀ ಅಲ್ಲಿ ಮಾಡಿದ್ದು ಚಲೋ ಮಾಡೀದಿ. ಅದು ಅವರ ಹೊಳಿ. ಇದು ನಮ್ಮದು."

"ನಮ್ಮದು ಅಂದಮ್ಯಾಲೆ ಕೇಳೋರು ಯಾರು ಕಾಕಾ?"

ಅವರು ಹೊಳೆಯ ಕಡೆ ಮುಖ ಮಾಡಿ ನಿಂತರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ಬಂತು. ಆ ಹೆದರಿಕೆಯನ್ನು ಅವರೊಳಗೆ ತುಂಬಿದವರ ಮೇಲೆ ಅದಕ್ಕಿಂತ ಹೆಚ್ಚು ಬಂತು. ಹೊರಗಿನವಳು ಎಂದು ಅಲ್ಲಿ ನನ್ನ ಬಾಯಿ ಮುಚ್ಚಿಸಲು ನೋಡಿದರು, ಮನೆಯವಳು ಎಂದು ಇಲ್ಲಿ. ಹಾಗಾದರೆ ಮಾತಾಡಲು ನಾನು ಯಾವ ಊರಿನವಳಾಗಿರಬೇಕು?

ಮರುದಿನ ನಾನೊಬ್ಬಳೇ ದಂಡೆಯ ಗುಂಟ ನಡೆದೆ. ಕಂಡದ್ದನ್ನು ಬರೆದೆ, ನನ್ನ ಹೆಸರು, ಕೊಣ್ಣೂರ ಎಂದೂ ಬರೆದೆ, ಕೊಡಬೇಕಾದ ಕಚೇರಿಗೆ ಕೊಟ್ಟೆ. ಮನೆಯಲ್ಲಿ ಹೇಳಿದಾಗ ಕಾಕಾ ಉಣ್ಣುತ್ತಿದ್ದರು. ತಲೆ ಎತ್ತಲಿಲ್ಲ.

ಹೊರಡುವ ದಿನ ಬಸ್ಸಿನ ತನಕ ಬ್ಯಾಗು ಹಿಡಿದುಕೊಂಡು ಅವರೇ ಬಂದರು. ಸೀಟು ನೋಡಿ ಕೂರಿಸಿದರು, ನೀರಿನ ಬಾಟಲಿ ಕೊಂಡು ಕೊಟ್ಟರು. ನಮ್ಮ ಕಡೆ ಊರು ಬಿಟ್ಟು ಹೊರಟವರಿಗೆ ಯಾರೂ ಬರೀ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತಾರೆ. ಜಗಳವಾಡಿದವರೂ ಅಷ್ಟು ಹೇಳುತ್ತಾರೆ. ಬಸ್ಸು ಹೊರಟಿತು. ಕಾಕಾ ಕಿಟಕಿಯ ಸರಳಿನ ಮೇಲಿಂದ ಕೈ ತೆಗೆದು, "ಹೋಗವಾ" ಎಂದರು.