ಹೊಳೆಯಾಚೆಯ ಪೈಪು

ಕೊಸೊವೊದ ನಮ್ಮೂರನ್ನು ಹೊಳೆಯೊಂದು ಸೀಳಿಕೊಂಡು ಹರಿಯುತ್ತದೆ. ನನ್ನ ಸೋದರಮಾವ ರುಸ್ತೆಮ್ ಊರಿಗೆಲ್ಲ ನೀರು ಬಿಡುವ ಕೆಲಸದಲ್ಲಿದ್ದ. ಜೊತೆಗಾರ ರಾದಿಸಾವ್ ಸರ್ಬಿಯನ್, ನಾವು ಅಲ್ಬೇನಿಯನ್ನರು. ಹನ್ನೆರಡು ವರ್ಷ ಇಬ್ಬರೂ ಒಂದೇ ಬುತ್ತಿ ಹಂಚಿಕೊಂಡವರು, ಒಂದೇ ಗುಂಡಿಗಿಳಿದು ಪೈಪು ಕೂಡಿಸಿದವರು.

ಸಾವಿರದ ಒಂಬೈನೂರ ತೊಂಬತ್ತರಲ್ಲಿ ಬೆಲ್‌ಗ್ರೇಡಿನ ಸರ್ಬಿಯನ್ ಸರ್ಕಾರ ನಮ್ಮ ನಾಡಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಅಲ್ಬೇನಿಯನ್ ನೌಕರರ ಮುಂದೆ ಸರ್ಕಾರಕ್ಕೆ ನಿಷ್ಠರೆಂದು ಬರೆದ ಕಾಗದ ಬಂತು; ಸಹಿ ಹಾಕದವರಿಗೆ ಕೆಲಸವಿಲ್ಲ.

"ಹಾಕ್ಬಿಡೋ ಮಾರಾಯ, ಒಂದು ಸಹಿ ತಾನೇ" ಎಂದ ರಾದಿಸಾವ್.

"ನಿನ್ನ ಯಾರೂ ಕೇಳಲಿಲ್ವಲ್ಲ, ಅದಕ್ಕೇ ನಿಂಗೆ ಸುಲಭ" ಎಂದು ಮಾವ ಪಂಪುಮನೆಯ ಬೀಗದ ಕೈ ಅವನ ಕೈಗಿಟ್ಟು ಬಂದ. ಮುಂದಿನ ಒಂಬತ್ತು ವರ್ಷ ಮನೆಮನೆಯ ನಲ್ಲಿ ರಿಪೇರಿ ಮಾಡಿ ಸಂಸಾರ ಸಾಕಿದ.

ತೊಂಬತ್ತೊಂಬತ್ತರ ಮಾರ್ಚಿನಲ್ಲಿ ನ್ಯಾಟೋ ಸರ್ಬಿಯನ್ ಸೇನೆಯ ಮೇಲೆ ಬಾಂಬು ಹಾಕತೊಡಗಿದ ಮೂರನೆಯ ದಿನ ಮುಖಗವಸಿನ ಸರ್ಬಿಯನ್ನರು ನಮ್ಮ ಬೀದಿಗೆ ನುಗ್ಗಿದರು. ಹರೆಯದ ಗಂಡಸರನ್ನು ಲಾರಿಗೆ ಹತ್ತಿಸಿದರು. ಅವರಲ್ಲಿ ಮಾವನ ಒಬ್ಬನೇ ಮಗ ಬೆಕಿಮ್ ಒಬ್ಬ, ಅವನಿಗೆ ಆಗ ಇಪ್ಪತ್ತೆರಡು. ಉಳಿದವರನ್ನು ಗಡಿಯತ್ತ ಅಟ್ಟಿದರು.

ಜೂನ್‌ನಲ್ಲಿ ವಿದೇಶಿ ಸೈನ್ಯದ ಹಿಂದೆಯೇ ಮರಳಿದೆವು. ಬೆಕಿಮ್ ಮರಳಲಿಲ್ಲ. ಈಗ ಓಡುವ ಸರದಿ ಸರ್ಬಿಯನ್ನರದಾಯಿತು. ನಮ್ಮ ಬೀದಿಯಲ್ಲೇ ಇದ್ದ ರಾದಿಸಾವನ ಮನೆಗೆ ನಮ್ಮ ಕೇರಿಯವರೇ ಬೆಂಕಿಯಿಟ್ಟರು. ಅವನು ಹೆಂಡತಿಯೊಂದಿಗೆ ಹೊಳೆ ದಾಟಿ ಸರ್ಬಿಯನ್ನರ ದಂಡೆ ಸೇರಿದ. ಸೇತುವೆಗೆ ಮುಳ್ಳುತಂತಿ ಬಿತ್ತು.

ಆ ಚಳಿಗಾಲ ದೊಡ್ಡ ಪೈಪು ಒಡೆದು ನಮ್ಮ ದಂಡೆಗೆ ನೀರು ನಿಂತುಹೋಯಿತು. ನಕ್ಷೆಗಳೆಲ್ಲ ಸುಟ್ಟಿದ್ದವು. ವಿದೇಶಿ ಸೇನೆಯ ಎಂಜಿನಿಯರ್ ಬಂದು ಕೇಳಿದಾಗ ಮಾವ, "ಹೊಸ ಲೈನು ಹಾಕಿದ್ದು ನಾನು ಬಿಟ್ಟ ಮೇಲೆ. ಗೊತ್ತಿರೋನು ಒಬ್ನೇ, ಆಚೆ ಇದ್ದಾನೆ" ಎಂದ.

"ಮಗನ್ನ ನುಂಗ್ದೋರ ಹತ್ರ ನೀರು ಬೇಡೋಕೆ ಹೊರಟ್ಯಾ?" ಎಂದು ನೆರೆಮನೆಯ ಶಾಬಾನ್ ಹಂಗಿಸಿದ.

"ನಿನ್ ಹೆಂಡ್ತಿ ಹಿಮ ಕರಗಿಸಿ ಅಡುಗೆ ಮಾಡ್ತಿದ್ದಾಳೆ, ಅವಳನ್ನ ಕೇಳು" ಎಂದು ಮಾವ ಸೇನೆಯ ಜೀಪು ಹತ್ತಿದ.

ಎರಡು ದಿನ ಆಚೆ ದಂಡೆಯಲ್ಲಿ ಸೈನಿಕರ ಕಾವಲಿನಲ್ಲಿ ಮಾವ, ರಾದಿಸಾವ್ ಇಬ್ಬರೂ ಅಗೆದರು. ಪೈಪಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಎರಡನೆಯ ಸಂಜೆ ವಾಲ್ವ್ ತಿರುಗಿಸಿದ ಮೇಲೆ ರಾದಿಸಾವ್ ಕೇಳಿದ.

"ನನ್ ಮನೆ ಉಳಿದಿದೆಯಾ?"

"ಇಲ್ಲ."

"ಬೆಂಕಿ ಇಟ್ಟೋರಲ್ಲಿ ನೀನೂ ಇದ್ಯಾ?"

"ನಾನು ಹಚ್ಚಲಿಲ್ಲ. ನಮ್ಮನೆ ಬಾಗಿಲಲ್ಲಿ ನಿಂತು ನೋಡ್ದೆ. ಬೇಡ ಅಂತ ಅನ್ಲಿಲ್ಲ."

ರಾದಿಸಾವ್ ಸಲಿಕೆಗೆ ಅಂಟಿದ ಮಣ್ಣು ಕೆರೆದು ಹೇಳಿದ.

"ನಿನ್ ಮಗನ್ನ ಹತ್ತಿಸಿಕೊಂಡ ಲಾರಿ ಇಟ್ಟಿಗೆ ಗೂಡಿನ ಕಡೆ ತಿರುಗ್ತು. ನಾನೂ ಕಿಟಕೀಲಿ ನಿಂತು ನೋಡ್ದೆ. ಮಾರನೇ ವಾರ ಪಂಪು ನೋಡೋಕೆ ಅಲ್ಲಿಗೆ ಹೋದಾಗ ಬಾವಿ ಪಕ್ಕ ಹೊಸ ಮಣ್ಣಿತ್ತು. ಅಲ್ಲಿ ಅಗೆಸು, ರುಸ್ತೆಮ್. ನನ್ ಹೆಸರು ಹೇಳ್ಬೇಡ, ಇಲ್ಲಿಯೋರು ನನ್ನ ಉಳಿಸಲ್ಲ."

ವಿದೇಶಿ ತನಿಖೆಯವರು ಅಗೆದಾಗ ಹನ್ನೊಂದು ಹೆಣ ಸಿಕ್ಕವು. ಅತ್ತೆ ತಾನು ಹೆಣೆದ ಸ್ವೆಟರಿನಿಂದ ಬೆಕಿಮ್‌ನ ಗುರುತು ಹಿಡಿದಳು. ಜಾಗ ತೋರಿಸಿದ್ದು ಯಾರೆಂದು ತನಿಖೆಯವರು ಕೇಳಿದರು, ಶಾಬಾನ್ ಕೇಳಿದ, ಅತ್ತೆಯೂ ಕೇಳಿದಳು. ಮಾವ ಬಾಯಿ ಬಿಡಲಿಲ್ಲ.

ಒಂಬತ್ತು ವರ್ಷದ ಮೇಲೆ ರಾದಿಸಾವ್ ಸರ್ಬಿಯದಲ್ಲಿ ತೀರಿಕೊಂಡ ಸುದ್ದಿ ಬಂದಾಗ ಮಾವ ಇದನ್ನೆಲ್ಲ ನನಗೆ ಹೇಳಿದ.

"ಅವನನ್ನ ಕ್ಷಮಿಸಿದ್ಯಾ ಮಾವ?" ಎಂದು ಕೇಳಿದೆ.

"ಗೊತ್ತಿಲ್ಲಮ್ಮ. ಹತ್ತು ತಿಂಗಳು ಆ ಜಾಗದ ವಿಷಯ ಹೊಟ್ಟೇಲಿ ಇಟ್ಕೊಂಡಿದ್ದ. ಅವತ್ತು ಅವನ ಕತ್ತು ಹಿಸುಕ್ಬೇಕು ಅನ್ನಿಸ್ತು" ಎಂದ ಮಾವ. "ಆದ್ರೆ ಲಾರಿ ಹೋದ ಆ ಬೀದೀಲಿ ನೋಡ್ತಿದ್ದ ಕಿಟಕಿ ಎಷ್ಟಿದ್ವು. ಬಾಯಿ ಬಿಟ್ಟೋನು ಅವ್ನೊಬ್ನೇ."