ಮರದ ಬುಡದಲ್ಲಿ ನಿಂತವನ ಸಾಕ್ಷಿ

ಹಸಿ ತೆಂಗಿನಗರಿಯನ್ನು ಸೀಳಿದಾಗ ಒಂದು ವಾಸನೆ ಬರುತ್ತದೆ. ಎಳೆ ಸೌತೆಕಾಯಿ ಮುರಿದ ಹಾಗೆ, ಅದಕ್ಕಿಂತ ಸ್ವಲ್ಪ ಒಗರು. ತಿಪಟೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪರ ಹಾಕುತ್ತಿರುವ ಮನೆಯ ಮುಂದೆ ಹಾದುಹೋದವರಿಗೆಲ್ಲ ಅದು ಮದುವೆಯ ವಾಸನೆ. ನಾನು ಮಾತ್ರ ಅದು ಮೂಗಿಗೆ ಬಿದ್ದರೆ ಬೀದಿಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ.

ತಿಪಟೂರಿನ ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಗರಿಗಳ ಭಾನುವಾರ ಬರುತ್ತದೆ. ಯೇಸುಸ್ವಾಮಿ ಕತ್ತೆಯ ಮೇಲೆ ಕೂತು ಊರೊಳಗೆ ಬಂದಾಗ ಜನ ಖರ್ಜೂರದ ಗರಿ ಹಿಡಿದು ನಿಂತರಂತೆ. ನಾವು ತೆಂಗಿನ ಸೀಮೆಯವರು, ತೆಂಗಿನ ಗರಿ ಹಿಡಿಯುತ್ತೇವೆ. ಈ ಸಲ ಅದರ ಹಿಂದಿನ ದಿನ ಪಕ್ಕದ ಬೀದಿಯ ಶಾಂತಿ ಬಂದು, ನನ್ನ ಜಗುಲಿಯ ಮೇಲೆ ಕೂತು, ಗರಿ ಸೀಳಿ ಶಿಲುಬೆ ಹೆಣೆಯುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ನನ್ನ ಮನೆಗೆ ಬರುವವರೆಂದರೆ ಹಾಲಿನವನು, ಬಿಟ್ಟರೆ ಈ ಹುಡುಗಿ. ಡಿಗ್ರಿ ಮುಗಿಸಿದ್ದಾಳೆ. ಈಗ ದೂರದ ಊರಿನ ಕ್ರೈಸ್ತ ಕಾಲೇಜಿಗೆ ಸೇರಿ ತತ್ವಶಾಸ್ತ್ರ, ಧರ್ಮಶಾಸ್ತ್ರ ಎಲ್ಲ ಓದಿ ಪಾದ್ರಿಯಾಗಬೇಕೆಂದು ಹೊರಟಿದ್ದಾಳೆ.

“ತಾತ, ಬರೋ ತಿಂಗ್ಳು ಸಭೆ ಮುಂದೆ ಸಾಕ್ಷಿ ಹೇಳ್ಬೇಕಂತೆ, ದೇವ್ರು ನನ್ನ ಹೆಂಗೆ ಕರೆದ ಅಂತ. ನಿಮ್ದು ಒಂದ್ಸಲ ಹೇಳ್ರಿ. ಅಂಥ ಸಾಕ್ಷಿ ಈ ಚರ್ಚಲ್ಲಿ ಮತ್ತ್ಯಾರೂ ಹೇಳ್ಲಿಲ್ಲ ಅಂತ ನಮ್ಮಜ್ಜಿ ಇವತ್ತಿಗೂ ಅಂತಿರ್ತದೆ. ನಿಮ್ದನ್ನೇ ಶುರುವಿಗೆ ಹೇಳಿ, ಆಮೇಲೆ ನಂದು ಹೇಳ್ಲಾ?” ಅಂದಳು.

ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ನೀರು ಕುಡಿಯಲಿಲ್ಲ.

ಈ ಸಾಕ್ಷಿ ಎಂದರೇನೆಂದು ನಿಮಗೆ ಹೇಳಬೇಕು. ನಮ್ಮಲ್ಲಿ ಪಾದ್ರಿ ಓದಿಗೆ ಹೋಗಲು ಅಂಕಪಟ್ಟಿ ಒಂದೇ ಸಾಲದು. ದೇವರು ನಿನ್ನನ್ನು ಕರೆದಿರಬೇಕು. ಕರೆದದ್ದು ಎಲ್ಲಿ, ಹೇಗೆ ಎಂದು ಸಭೆಯ, ಅಂದರೆ ಚರ್ಚಿಗೆ ಸೇರಿದ ಎಲ್ಲರ ಎದುರು ನಿಂತು ಹೇಳಬೇಕು. ಚರ್ಚು ನಡೆಸುವ ಹಿರಿಯರು ಕೇಳಿ, ನಿಜವೆನಿಸಿದರೆ ಕಾಲೇಜಿಗೆ ಕಳಿಸಿಕೊಡುತ್ತಾರೆ. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿ ಬಿಳಿಗೆರೆಯಲ್ಲಿ ನಮ್ಮದು ಎರಡೇ ಕ್ರೈಸ್ತ ಮನೆ: ನಮ್ಮಪ್ಪನದು, ಚಿಕ್ಕಪ್ಪನದು. ಸುತ್ತ ಎಲ್ಲ ಲಿಂಗಾಯತರು. ಪಕ್ಕದ ತೋಟದ ಗಂಗಜ್ಜಯ್ಯನಿಗೆ ಈ ಸಾಕ್ಷಿಯ ವಿಚಾರ ಕೇಳಿ ನಗು ತಡೆಯಲಾಗಲಿಲ್ಲ.

“ಏನ್ಲಾ ಇದು, ಪಾದ್ರಿ ಆಗಾಕೆ ಇಷ್ಟೊಂದು ತಾಪತ್ರಯ? ನಮ್ಮಲ್ಲಿ ಅಯ್ನೋರ ಮನೇಲಿ ಹುಟ್ಟುದ್ರೆ ಮುಗೀತಪ್ಪ. ದೇವ್ರು ಕರೆಯೋವರ್ಗೂ ಕಾಯ್ತಾ ಕುಂತ್ರೆ ಮದ್ವೆ ಮಾಡ್ಸೋರು ಯಾರ್ಲಾ?”

ಚಿಕ್ಕಪ್ಪನ ಮಗ ಸಾಮು ನನಗಿಂತ ಸ್ವಲ್ಪ ಚಿಕ್ಕವನು. ಇಬ್ಬರೂ ಒಂದೇ ವರ್ಷ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆವು. ಪಾದ್ರಿಯಾಗಬೇಕೆಂಬ ಆಸೆ ಅವನದು. ನನ್ನ ಆಸೆಯೇನಿದ್ದರೂ ಊರು ಬಿಡುವುದು. ಬಿಳಿ ನಿಲುವಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತರೆ ನಾನೂ ಎತ್ತರ ಕಾಣುತ್ತೇನೆ ಎಂಬ ಲೆಕ್ಕಾಚಾರವೂ ಇತ್ತು. ನಾನು ಗಿಡ್ಡ.

ಗರಿಗಳ ಭಾನುವಾರಕ್ಕೆ ಗರಿ ತರುವ ಕೆಲಸ ನಮ್ಮಿಬ್ಬರದು. ಮರ ಹತ್ತುವವನು ಸಾಮು, ಕೆಳಗೆ ನಿಂತು ಆರಿಸಿ ಕಟ್ಟುವವನು ನಾನು. ಎಸ್ಸೆಸ್ಸೆಲ್ಸಿ ಬರೆದ ವರ್ಷ, ಅದರ ಹಿಂದಿನ ಶನಿವಾರ ಅವನು ಗರಿ ಕಡಿದು ಇಳಿಯುವಾಗ ಕಾಲು ಜಾರಿತು. ಅಷ್ಟೇನೂ ಎತ್ತರದ ಮರವಲ್ಲ. ಕಾಯಿ ಸುಲಿದು ಒಟ್ಟಿದ್ದ ಮಟ್ಟೆಯ ರಾಶಿ ಕೆಳಗಿತ್ತು, ಬಿದ್ದದ್ದು ಅದರ ಮೇಲೆ. ಕೈ ಮುರಿಯಿತು, ಜೀವ ಉಳಿಯಿತು. ಅವನು ಬೀಳುತ್ತಿದ್ದಾಗ ನಾನು ಮಾಡಿದ್ದಿಷ್ಟೆ: ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಿಂತಿದ್ದೆ.

ಅಂದು ಸಂಜೆ ಕೈಗೆ ಕಟ್ಟು ಹಾಕಿಸಿಕೊಂಡು ಬಂದು ಮಲಗಿದ್ದವನು ನನ್ನನ್ನು ಹತ್ತಿರ ಕರೆದು ಹೇಳಿದ: “ಅಣ್ಣ, ಯಾರ್ಗೂ ಹೇಳ್ಬ್ಯಾಡ. ಬೀಳ್ತಾ ಇದ್ದಾಗ ಯಾರೋ ‘ಬಾ’ ಅಂದ್ರು ಕಣಣ್ಣ. ಹೆಸ್ರು ಹಿಡೀಲಿಲ್ಲ, ಜೋರಾಗೂ ಅನ್ಲಿಲ್ಲ. ‘ಬಾ’ ಅಷ್ಟೇ. ಆಮೇಲೆ ನಂಗೆ ಭಯಾನೇ ಆಗ್ಲಿಲ್ಲ.”

ಆ ವರ್ಷ ನಮ್ಮ ಸಭೆಯಿಂದ ಒಬ್ಬನನ್ನು ಮಾತ್ರ ಕಳಿಸುವುದೆಂದು ತೀರ್ಮಾನವಾಗಿತ್ತು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಸಾಕ್ಷಿ ಹೇಳಲು ನಮ್ಮಿಬ್ಬರನ್ನೂ ಮುಂದಕ್ಕೆ ಕರೆದರು. ದೊಡ್ಡವನೆಂದು ಮೊದಲು ನಾನು ಎದ್ದೆ. ಸಂಡೇ ಸ್ಕೂಲಿನ ಬಗ್ಗೆ ಏನೋ ಹೇಳಲು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎದುರಿಗೆ ಅಷ್ಟೂ ಮುಖಗಳನ್ನು ನೋಡಿದ ಕೂಡಲೇ ಅದು ಎಷ್ಟು ಸಪ್ಪೆ ಎಂದು ನನಗೇ ತಿಳಿಯಿತು. ಬಾಯಿಂದ ಬೇರೆಯೇ ಬಂತು. ಸಾಮು ಬೀಳುವಾಗ ನಾನು ಮರದ ಬುಡದಲ್ಲಿದ್ದೆ, ಯಾರೋ ನನ್ನ ಕಿವಿಯಲ್ಲಿ ‘ಬಾ’ ಎಂದರು, ಜೋರಾಗಿ ಅನ್ನಲಿಲ್ಲ, ಆಮೇಲೆ ನನಗೆ ಭಯವಾಗಲಿಲ್ಲ ಎಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಶಾಂತಿಯ ಅಜ್ಜಿ ಆಗ ಹೊಸ ಸೊಸೆ, ಅವರೂ ಅಲ್ಲಿದ್ದರು.

ಸಾಮು ಮೊದಲ ಬೆಂಚಿನಲ್ಲಿ, ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಕೂತಿದ್ದ. ನಾನು ಅವನ ಕಡೆ ನೋಡಲಿಲ್ಲ. ಅವನ ಸರದಿ ಬಂದಾಗ ಎದ್ದು ಜೋಳಿಗೆ ಸರಿಮಾಡಿಕೊಂಡ. “ನಂದೇನೂ ಇಲ್ಲ ಅಯ್ನೋರೆ. ಅಣ್ಣ ಹೇಳಿದ್ದು ನಿಜ. ಆ ಮಾತು ನಂಗೂ ಕೇಳುಸ್ತು,” ಎಂದು ಹೇಳಿ ಕೂತುಬಿಟ್ಟ.

ಅದಕ್ಕಿಂತ ದೊಡ್ಡ ಪುರಾವೆ ಬೇಕೆ? ನನ್ನನ್ನೇ ಕಳಿಸಿದರು.

ಕಾಲೇಜಿನ ಬಗ್ಗೆ ಹೆಚ್ಚು ಹೇಳುವಷ್ಟು ಕಾಲ ನಾನು ಅಲ್ಲಿರಲಿಲ್ಲ. ತತ್ವಶಾಸ್ತ್ರದ ಗುರುಗಳು ದೇವರಿದ್ದಾನೆ ಎಂಬುದಕ್ಕೆ ಒಂದೊಂದೇ ವಾದ ಹೂಡಿ, ಮರುದಿನ ಅವನ್ನೆಲ್ಲ ತಾವೇ ಕಳಚಿಹಾಕುತ್ತಿದ್ದರು. ಸುಲಿದು ಸುಲಿದು ಕೊನೆಗೆ ಕೈಯಲ್ಲಿ ಕಾಯಿ ಉಳಿಯಿತೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ. ಬೇರೆ ಬೇರೆ ಧರ್ಮಗಳನ್ನು ಪರಿಚಯಿಸುವ ತರಗತಿಯಲ್ಲಿ, ನಿನ್ನ ಊರಿನ ಶಿವಭಕ್ತರ ವಿಷಯ ಹೇಳು ಎಂದರು. ಗಂಗಜ್ಜಯ್ಯ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುತ್ತಾರೆ, ಆಗ ಮಾತಾಡಿಸಿದರೆ ಬಯ್ಯುತ್ತಾರೆ ಎಂದೆ. ಹುಡುಗರೆಲ್ಲ ನಕ್ಕರು. ಗುರುಗಳು ನಗಲಿಲ್ಲ. “ಅಷ್ಟು ಹೊತ್ತು ನೋಡ್ತಾ ಕೂತ್ರೆ ಅವರಿಗೆ ಏನು ಕಾಣುತ್ತೆ ಅಂತ ನೀನು ಕೇಳಿದ್ದೀಯಾ?” ಅಂದರು. ಕೇಳಿರಲಿಲ್ಲ. ಬೇಲಿಯಾಚೆಯ ಮನುಷ್ಯನನ್ನು ಹುಟ್ಟಿದಾಗಿನಿಂದ ನೋಡಿದ್ದೆ, ಕೇಳಬೇಕೆಂದು ಹೊಳೆದಿರಲೇ ಇಲ್ಲ.

ಹೊಸದಾಗಿ ಸೇರಿದವರು ತಮ್ಮ ಕರೆಯ ಕಥೆಯನ್ನು ಅಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ಊಟದ ಮೇಜಿನಲ್ಲಿ, ಪ್ರಾರ್ಥನಾ ಕೂಟದಲ್ಲಿ. ಹೇಳಿದಷ್ಟೂ ನನ್ನದು ಚೆನ್ನಾಗುತ್ತಾ ಹೋಯಿತು. ಮರ ಎತ್ತರವಾಯಿತು, ಮಟ್ಟೆಯ ರಾಶಿ ಚಿಕ್ಕದಾಯಿತು. ಹೇಳಿ ಮುಗಿಸಿ ಹಾಸ್ಟೆಲಿನ ಕೋಣೆಗೆ ಬಂದರೆ ಮಾತ್ರ ಎದೆ ಕೊಬ್ಬರಿ ಇಳಿಸಿದ ಅಟ್ಟದ ಹಾಗೆ ಖಾಲಿಯಾಗಿರುತ್ತಿತ್ತು. ಎಲ್ಲರೂ ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದರು. ಅವರು ಕೈ ಹಾಕುತ್ತಿದ್ದುದು ಸಾಮುವಿನ ಹೆಗಲ ಮೇಲೆ, ನಾನು ಅಲ್ಲಿರಲೇ ಇಲ್ಲ.

ಸೇವೆಯ ಅಭ್ಯಾಸಕ್ಕೆಂದು ನಮ್ಮನ್ನು ಆಸ್ಪತ್ರೆಯ ವಾರ್ಡಿಗೆ ಕಳಿಸುತ್ತಿದ್ದರು. ಅಲ್ಲೊಬ್ಬರು ಮುದುಕರು, ಬದುಕುವವರಲ್ಲ ಎಂದು ಅವರಿಗೇ ಗೊತ್ತಿತ್ತು. ಅವರಿಗೂ ಆ ಕಥೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ನನ್ನ ಕೈ ಹಿಡಿದು, “ಆ ದನಿ ಹೆಂಗಿತ್ತಪ್ಪ? ಗಂಡಸಿನ ದನೀನಾ, ಹೆಂಗಸಿನದಾ? ನಂಗೆ ಕೇಳಿದ್ರೆ ಗುರುತು ಹಿಡೀಬೇಕಲ್ಲ,” ಅಂದರು.

ಸಾಮುವನ್ನು ಅದೊಂದನ್ನು ನಾನು ಕೇಳಿರಲಿಲ್ಲ. ಕೈ ಬಿಡಿಸಿಕೊಂಡು ಹೊರಗೆ ಬಂದೆ. ವರ್ಷ ತುಂಬುವುದರೊಳಗೆ, ಮೈಗೆ ಒಗ್ಗಲಿಲ್ಲ ಎಂದು ಹೇಳಿ ಊರಿಗೆ ವಾಪಸು ಬಂದುಬಿಟ್ಟೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತನಾದೆ, ಮದುವೆಯಾದೆ, ಚರ್ಚಿನಲ್ಲಿ ಹಿರಿಯನೂ ಆದೆ. ಸಾಮು ಬಿಳಿಗೆರೆಯಲ್ಲೇ ಉಳಿದ. ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದ್ದರಿಂದ ಮತ್ತೆ ಮರ ಹತ್ತಲಿಲ್ಲ. ಕಾಯಿ ಸುಲಿದುಕೊಂಡು, ಕೊಬ್ಬರಿ ಮಾಡಿಕೊಂಡು ಬದುಕಿದ. ಭಾನುವಾರ ಬಸ್ಸಿನಲ್ಲಿ ಬಂದು ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಆ ಸಾಕ್ಷಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನ್ನ ಮಾನ ಉಳಿಸಲು ಅಂದು ಸುಳ್ಳಿಗೆ ಹೂಂಗುಟ್ಟಿದ, ಆಮೇಲೆ ಕ್ಷಮಿಸಿದ ಎಂದು ನಾನು ತಿಳಿದುಕೊಂಡಿದ್ದೆ. ಅವನ ಪಕ್ಕದಲ್ಲಿ ಕೂತಷ್ಟು ಒಂಟಿಯಾಗಿ ನಾನು ಬೇರೆಲ್ಲೂ ಕೂತಿಲ್ಲ.

ಶಾಂತಿ ಕೇಳಿದ ಮೇಲೆ ಇನ್ನು ಮುಚ್ಚಿಡಲು ಆಗಲಿಲ್ಲ. ನನ್ನ ಸುಳ್ಳು ಅವಳ ಬಾಯಲ್ಲಿ ಇನ್ನೊಂದು ತಲೆಮಾರಿಗೆ ದಾಟಿಬಿಡುತ್ತಿತ್ತು. ಆ ವಾರವೇ ಬಿಳಿಗೆರೆಗೆ ಹೋದೆ. ಸಾಮು ಅಂಗಳದಲ್ಲಿ ಕೂತು ಒಣಗಿದ ಕಾಯಿಯಿಂದ ಕೊಬ್ಬರಿ ಬಿಡಿಸುತ್ತಿದ್ದ.

“ಏನಣ್ಣ, ವಾರದ ದಿನ ಬಂದೆ? ಮಳೆ ಬತ್ತದೆ ಬುಡು.”

“ಸಾಮು, ಅವತ್ತು ನಂಗೇನೂ ಕೇಳುಸ್ಲಿಲ್ಲ ಕಣ್ಲಾ.”

“ಯಾವತ್ತು?”

“ನೀನು ಮರದಿಂದ ಬಿದ್ದಾಗ. ‘ಬಾ’ ಅಂತ ನಂಗೆ ಕೇಳುಸ್ಲಿಲ್ಲ. ನೀನು ಹೇಳಿದ್ದನ್ನೇ ನಂದು ಅಂತ ಹೇಳ್ದೆ.”

ಅವನು ಕೈಯಲ್ಲಿದ್ದ ಕಾಯನ್ನು ಒಡೆದು ಮುಗಿಸಿ, ಚಿಪ್ಪನ್ನು ಒಂದು ಕಡೆಗೆ, ಕೊಬ್ಬರಿಯನ್ನು ಇನ್ನೊಂದು ಕಡೆಗೆ ಹಾಕಿದ. “ಚರ್ಚಿನಾಗೆ ನಿಂತ್ಕಂಡು ಹೇಳ್ದಲ್ಲಣ್ಣ,” ಅಂದ.

“ಹೂಂ.”

“ಬುಡದಾಗೇ ನಿಂತಿದ್ದೆ. ಏನೂ ಕೇಳುಸ್ಲಿಲ್ವಾ?”

“ಇಲ್ಲ. ಮುಖ ಮುಚ್ಕಂಡಿದ್ದೆ.”

ಇನ್ನೊಂದು ಕಾಯಿ ಕೈಗೆತ್ತಿಕೊಂಡ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: “ನಾನೇನ್ ತಿಳ್ಕಂಡಿದ್ದೆ ಗೊತ್ತಾ? ಮ್ಯಾಲಿಂದ ಕೂಗಿದ್ದು ನಿನ್ನ. ನಾನು ಮಧ್ಯದಾಗಿದ್ದೆ, ಅದ್ಕೇ ನಂಗೂ ಕೇಳುಸ್ತು ಅಂತ. ಇಬ್ರಿಗೂ ಕೇಳ್ದಂಗೆ ಕೂಗುದ್ರೆ ದೊಡ್ಡೋನ್ನ ತಾನೆ ಕೂಗೋದು? ನಿಂದನ್ನ ನಂದು ಅಂತ ಎಲ್ಲಿ ಹೇಳ್ಕಂಬುಡ್ತಿದ್ನೋ ಅಂತ ಆವಾಗ ನಂಗೇ ನಾಚ್ಕೆ ಆಗಿತ್ತು ಕಣಣ್ಣ.”

ಕ್ಷಮೆಯೂ ಅಲ್ಲ, ಉಪಕಾರವೂ ಅಲ್ಲ. ಅವನು ನನ್ನನ್ನು ನಂಬಿದ್ದ, ಅಷ್ಟೇ. ನಾನು ಅವನಿಂದ ತೆಗೆದುಕೊಂಡದ್ದು ಕಾಲೇಜಿನ ಒಂದು ಸೀಟು ಮಾತ್ರ ಎಂದು ಇಷ್ಟು ವರ್ಷ ಲೆಕ್ಕ ಹಾಕಿಕೊಂಡಿದ್ದೆ.

“ನಿನ್ನೇ ಕಣ್ಲಾ ಕೂಗಿದ್ದು,” ಅಂದೆ.

“ಹಂಗಾರೆ ಇದನ್ನ ಯಾಕೆ ಹೇಳಾಕೆ ಬಂದೆ?” ಅಂದ. ಸಿಟ್ಟಿರಲಿಲ್ಲ, ದಣಿವಿತ್ತು. “ನನ್ ಕೂಗ್ನಿಲ್ಲ, ಬುಡು, ಕಾಯಿ ಸುಲೀತೀನಿ ಅಂತ ನೆಮ್ಮದಿಯಾಗಿದ್ದೆ. ಇವತ್ತು ನೀನ್ ಬಂದು, ಕೂಗಿದ್ರೂ ಹೋಗ್ದೇ ಇದ್ದೋನು ಅಂತ ಮಾಡ್ದೆ. ಈ ವಯಸ್ನಾಗೆ ಎಲ್ಲಿಗ್ ಹೋಗ್ಲಿ ನಾನು?”

ಹೇಳಿಕೊಂಡರೆ ಭಾರ ಇಳಿಯುತ್ತದೆ ಎನ್ನುತ್ತಾರೆ. ಇಳಿಯುತ್ತದೆ, ನಿಜ. ಎಲ್ಲಿಗೆ ಇಳಿಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಊಟ ಮಾಡಿಕೊಂಡು ಹೋಗು ಎಂದು ಅಂದು ಸಾಮು ಕರೆಯಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಅವನು ಚರ್ಚಿಗೆ ಬರಲಿಲ್ಲ. ಶಾಂತಿಗೆ, ನನ್ನ ಕಥೆ ಬೇಡ, ನಿನಗೆ ನಿಜವೆನಿಸಿದ್ದನ್ನೇ ಹೇಳು ಎಂದು ಮಾತ್ರ ಹೇಳಿದ್ದೆ. ಅಷ್ಟಕ್ಕಿಂತ ಹೆಚ್ಚಿನ ಧೈರ್ಯ ಬರಲಿಲ್ಲ. ಅವಳು ಸಾಕ್ಷಿ ಹೇಳುವ ದಿನ ಸಾಮು ಬಂದ. ನನ್ನ ಪಕ್ಕಕ್ಕೆ ಬರದೆ ಹಿಂದಿನ ಬೆಂಚಿನಲ್ಲಿ ಕೂತ. ಶಾಂತಿ ಎದ್ದು, ತನ್ನನ್ನು ಯಾರೂ ಹಾಗೆ ಕೂಗಿ ಕರೆದಿಲ್ಲ, ಓದಬೇಕು, ಜನರ ಜೊತೆ ಇರಬೇಕು ಅನ್ನಿಸುತ್ತದೆ, ಅದು ಸಾಲುತ್ತದೋ ಇಲ್ಲವೋ ಹಿರಿಯರೇ ಹೇಳಲಿ ಎಂದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗಿನ ಅಯ್ಯನವರು, ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಹಿಂದಿನಿಂದ ಸಾಮುವಿನ ದನಿ ಬಂತು.

“ನಂದೊಂದು ಸಾಕ್ಷಿ ಐತೆ ಅಯ್ನೋರೆ.”

ಮರ, ಮಟ್ಟೆಯ ರಾಶಿ, ‘ಬಾ’ ಎಂಬ ಮಾತು, ಎಲ್ಲ ಹೇಳಿದ. “ನಂಗೆ ಕೇಳುಸ್ತು, ನಾನು ಹೋಗ್ನಿಲ್ಲ. ಬೇರೆಯೋರ್ನ ಕೂಗಿದ್ದು ಅಂದ್ಕಂಡೆ. ಈ ಮಗೀಗೆ ಕೇಳುಸ್ದೇ ಇದ್ರೂ ಹೋಯ್ತೀನಿ ಅಂತಾಳೆ. ಕಳ್ಸಿಕೊಡಿ,” ಎಂದ. ನನ್ನ ಹೆಸರೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದ್ದರು. ಶಾಂತಿಯ ಅಜ್ಜಿಯ ಮುಖದಲ್ಲಿದ್ದದ್ದು ಬರೀ ಗೊಂದಲ.

ನಾನು ಎದ್ದು ನಿಂತೆ. “ಅದು ಅವನದು. ನನಗೆ ಏನೂ ಕೇಳಿಸಿರಲಿಲ್ಲ. ಅಂದು ಇಲ್ಲಿ ನಿಂತು ಸುಳ್ಳು ಹೇಳಿದ್ದೆ,” ಎಂದು ಹೇಳಿ ಕೂತೆ. ಇಷ್ಟು ಹೇಳಲು ಮುದುಕನಾಗಬೇಕಾಯಿತು.

ಶಾಂತಿಯನ್ನು ಕಳಿಸುವುದೆಂದಾಯಿತು. ಹೊರಗೆ ಜನ ಸಾಮುವನ್ನು ಸುತ್ತುವರಿದರು, ಅವನು ಸಂಕೋಚದಿಂದ ಸೊಟ್ಟಗೈಯನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದ. ನನ್ನ ಹತ್ತಿರ ಯಾರೂ ಬರಲಿಲ್ಲ. ಬಸ್ಸಿನ ಹೊತ್ತಾದಾಗ ಮಾತ್ರ ಅವನು ನನ್ನ ಮುಂದೆಯೇ ಹಾದುಹೋಗುತ್ತಾ, “ಬತ್ತೀನಿ ಕಣಣ್ಣ,” ಅಂದ. ಪ್ರತಿ ಭಾನುವಾರ ಅನ್ನುತ್ತಿದ್ದ ಮಾತೇ. ಅದರಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ.

ಈಗ ಹಿರಿಯನ ಸ್ಥಾನ ಬಿಟ್ಟಿದ್ದೇನೆ. ಜನ ಎದುರಿಗೆ ಸಿಕ್ಕರೆ ಬಿಸಿಲಿನ ಮಾತಾಡುತ್ತಾರೆ, ಕಾಯಿ ರೇಟಿನ ಮಾತಾಡುತ್ತಾರೆ. ಪ್ರಾರ್ಥನೆಗೆ ಕೂತಾಗ ಮೊದಲು ಉದ್ದುದ್ದ ಮಾತುಗಳು ಬರುತ್ತಿದ್ದವು, ಕಾಲೇಜಿನಿಂದ ನಾನು ತಂದದ್ದು ಅದೊಂದೇ. ಅದನ್ನೂ ಬಿಟ್ಟೆ. ಸುಮ್ಮನೆ ಕೂರುತ್ತೇನೆ. ಏನೂ ಕೇಳಿಸುವುದಿಲ್ಲ. ಏನೂ ಕೇಳಿಸಲಿಲ್ಲ ಎಂದು ಹೇಳಿಕೊಂಡು ಏಳುತ್ತೇನೆ.